ಮಾಲ್ಟಾ ನನ್ನದಾಗಿತ್ತು

ನನ್ನ ಚಿಕ್ಕಪ್ಪನ ಮಗಳು ಮಾಲ್ಟಾಕ್ಕೆ ಕೆಲಸಕ್ಕೆ ಹೊರಟಿದ್ದಾಳೆ ಎಂದು ಅಪ್ಪ ಫೋನ್ ಮಾಡಿ ಹೇಳಿದಾಗ ನಾನು ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ.

"ಅದೇನೋ ಮಾಲ್ಟ ಅಂತೆ ಕಣವ್ವ. ಸುತ್ತಾನೂ ನೀರಂತೆ. ನಿಂಗೇನಾದ್ರೂ ಗೊತ್ತೈತಾ?"

ಗೊತ್ತೈತಾ ಅಂತೆ! ಮಗಳು ಹನ್ನೆರಡು ವರ್ಷದಿಂದ ಓದುತ್ತಿರುವುದು ಅದೊಂದೇ ದ್ವೀಪದ ಬಗ್ಗೆ ಎಂಬುದು ಅಪ್ಪನಿಗೆ ಗೊತ್ತೇ ಇರಲಿಲ್ಲ. "ಸ್ವಲ್ಪ ಗೊತ್ತು" ಎಂದೆ. ಬಸ್ ಬಂತು, ಹತ್ತಿ ಕೂತೆ.

ನಾನು ಹೊಳಲ್ಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ನಮ್ಮೂರು ಮತ್ತೋಡಿನ ಹತ್ತಿರ. ಅಪ್ಪನೂ ಚಿಕ್ಕಪ್ಪನೂ ಕುರಿ ಕಾಯ್ದವರು, ಜೊತೆಗೆ ಒಂದಿಷ್ಟು ರಾಗಿ ಹೊಲ. ಚಿತ್ರದುರ್ಗದಲ್ಲಿ ಬಿ.ಎ. ಓದುವಾಗ ಗ್ರಂಥಾಲಯದ ಮೂಲೆಯಲ್ಲಿ ಗೆದ್ದಲು ತಿಂದ ವಿಶ್ವಕೋಶದ ಸಂಪುಟವೊಂದು ನನ್ನ ಕೈಗೆ ಸಿಕ್ಕಿತ್ತು. ಅದರಲ್ಲಿ ಮಾಲ್ಟಾ ಎರಡು ಪುಟ. ನಮ್ಮ ತಾಲ್ಲೂಕಿಗಿಂತ ಚಿಕ್ಕ ನೆಲ. ಲೋಹವನ್ನೇ ಕಾಣದ ಜನ ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಎಷ್ಟೋ ಮುಂಚೆ ಅಲ್ಲಿ ಆನೆಗಾತ್ರದ ಕಲ್ಲು ನಿಲ್ಲಿಸಿ ಗುಡಿ ಕಟ್ಟಿದ್ದರು. ಆಮೇಲೆ ಫಿನೀಷಿಯನ್ನರು ಬಂದರು, ರೋಮನ್ನರು ಬಂದರು, ಹಡಗು ಒಡೆದು ಒಬ್ಬ ಸಂತ ಬಂದ, ಅರಬರು ಬಂದರು. ಶಿಲುಬೆ ಹೊತ್ತ ಯೋಧರು ಬಂದು ಕೋಟೆ ಕಟ್ಟಿದರು. ತುರ್ಕರು ಒಂದು ಇಡೀ ಬೇಸಿಗೆ ಅದನ್ನು ಮುತ್ತಿಗೆ ಹಾಕಿ ಸೋತು ಹೋದರು. ಫ್ರೆಂಚರು, ಬ್ರಿಟಿಷರು, ಕೊನೆಗೆ ಆಕಾಶದಿಂದ ಬಾಂಬು. ಬಂದವರೆಲ್ಲ ಹೋದರು, ಊರವರು ತಮ್ಮ ಮಾತು ಬಿಡದೆ ಉಳಿದುಕೊಂಡರು.

ನಮ್ಮ ಚಿತ್ರದುರ್ಗದ ಕೋಟೆಯ ಬಂಡೆಗಳ ನಡುವೆ ದಿನಾ ಓಡಾಡುತ್ತಿದ್ದವಳಿಗೆ ಆ ಇನ್ನೊಂದು ಕಲ್ಲಿನ ನಾಡು ಯಾಕೆ ಅಷ್ಟು ಹಿಡಿಸಿತೋ ಹೇಳಲಾರೆ. ನಾನು ಕಂಡ ದೊಡ್ಡ ನೀರೆಂದರೆ ಹಿರಿಯೂರಿನ ಮಾರಿಕಣಿವೆ ಒಂದೇ, ಸಮುದ್ರ ಕಂಡವಳಲ್ಲ. ಆದರೂ ಸಿಕ್ಕಿದ್ದೆಲ್ಲ ಓದಿ ನೋಟ್‌ಬುಕ್ಕು ತುಂಬಿಸಿದೆ. ಒಂಬತ್ತನೇ ತರಗತಿಯಲ್ಲಿ ಪುಸ್ತಕದಲ್ಲಿ ಇಲ್ಲದಿದ್ದರೂ ಹತ್ತು ನಿಮಿಷ ಮಾಲ್ಟಾ ಹೇಳುತ್ತಿದ್ದೆ. ಮಕ್ಕಳು ಹಿಂದಿನಿಂದ ನನ್ನನ್ನು ಮಾಲ್ಟಾ ಮೇಡಂ ಎನ್ನುತ್ತಿದ್ದರು. ಗೊತ್ತಿದ್ದೂ ಗೊತ್ತಿಲ್ಲದವಳಂತೆ ಖುಷಿಪಡುತ್ತಿದ್ದೆ.

ಅಂಥ ಮಾಲ್ಟಾಕ್ಕೆ ಹೊರಟವಳು ಯಾರು? ಎಸ್ಸೆಸ್ಸೆಲ್ಸಿಯಲ್ಲಿ ಸಮಾಜ ಪಾಸಾಗಲು ನನ್ನ ಹತ್ತಿರ ಪಾಠ ಹೇಳಿಸಿಕೊಂಡವಳು. ನನಗಿಂತ ಎಂಟು ವರ್ಷ ಚಿಕ್ಕವಳು. ನರ್ಸಿಂಗ್ ಮುಗಿಸಿ ದುರ್ಗದ ಆಸ್ಪತ್ರೆಯೊಂದರಲ್ಲಿ ಇದ್ದಳು. ಈಗ ಮಾಲ್ಟಾದಲ್ಲಿ ಒಬ್ಬ ಮುದುಕಿಯನ್ನು ಮನೆಯಲ್ಲೇ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಬೀಳ್ಕೊಡಲು ಊರಿಗೆ ಹೋದಾಗ, ನೋಡಲೇಬೇಕಾದ ಜಾಗಗಳ ಪಟ್ಟಿಯನ್ನು ಆರು ಹಾಳೆ ಬರೆದು ಅವಳ ಕೈಗಿತ್ತೆ. ಅವಳು ಅದನ್ನು ಮಡಚಿ ಬ್ಯಾಗಿಗೆ ಹಾಕಿ ಕೇಳಿದಳು:

"ಅಕ್ಕ, ಅಲ್ಲಿ ಚಳಿ ಎಷ್ಟಿರ್ತತೆ? ಸ್ವೆಟರ್ ಎಷ್ಟು ತಗಳ್ಳಿ?"

ನನಗೆ ಗೊತ್ತಿರಲಿಲ್ಲ. ಸಾವಿರಾರು ವರ್ಷದ ಚರಿತ್ರೆ ಬಾಯಲ್ಲಿತ್ತು, ಡಿಸೆಂಬರಿನ ಚಳಿ ಗೊತ್ತಿರಲಿಲ್ಲ. "ಎರಡು ಸಾಕು" ಎಂದು ಸುಮ್ಮನೆ ಹೇಳಿದೆ.

ಹೋದ ಮೇಲೆ ಅವಳ ಫೋಟೋ ಬರತೊಡಗಿದವು. ಅಡಿಗೆಮನೆ, ಬಾಲ್ಕನಿ, ಅಂಗಡಿಯಲ್ಲಿ ಟೊಮ್ಯಾಟೊ ಹಿಡಿದು ನಗುವ ಅವಳು. ಹಿಂದೆ ಎಲ್ಲೋ ಅರ್ಧ ಗೋಪುರ, ತುಂಡು ಕೋಟೆಗೋಡೆ. ನಾನು ಅವಳ ಮುಖ ಬಿಟ್ಟು ಆ ಗೋಡೆಯನ್ನು ಬೆರಳಲ್ಲಿ ಹಿಗ್ಗಿಸಿ ನೋಡುತ್ತಿದ್ದೆ. "ಗುಡಿ ನೋಡಿದ್ಯಾ?" ಎಂದು ಬರೆದರೆ "ಇಲ್ಲಕ್ಕ, ಟೈಮ್ ಆಗಿಲ್ಲ" ಎಂಬ ಉತ್ತರ. ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತಲ್ಲ ಎಂದು ಕುದಿಯುತ್ತಿದ್ದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಆಗ ಹಾಗೇ ಅನಿಸಿದ್ದು.

ನಿಜವಾಗಿ ಸುಟ್ಟಿದ್ದು ಅಪ್ಪನ ವಿಷಯದಲ್ಲಿ. ಭಾನುವಾರ ಮಧ್ಯಾಹ್ನ ಅವಳು ಚಿಕ್ಕಪ್ಪನಿಗೆ ಫೋನ್ ಮಾಡುತ್ತಿದ್ದಳು. ಅಪ್ಪನೂ ಅವರ ಜಗಲಿಗೆ ಹೋಗಿ ಕೂರುತ್ತಿದ್ದರು. ಒಂದು ಭಾನುವಾರ ನಾನೂ ಊರಲ್ಲಿದ್ದೆ. ಸ್ಪೀಕರಿನಲ್ಲಿ ಅವಳ ದನಿ ಬಂತು: "ದೊಡ್ಡಪ್ಪ, ಇಲ್ಲಿ ನಾನು ನೋಡ್ಕಳ್ಳೋ ಅಜ್ಜಿ ಸಣ್ಣೋಳಿದ್ದಾಗ ಮೇಕೆ ಹಿಂಡು ಮನೆ ಬಾಗಿಲಿಗೇ ಬರ್ತಿತ್ತಂತೆ. ಚೊಂಬು ತಂದ್ರೆ ಅಲ್ಲೇ ಹಾಲು ಕರೆದು ಕೊಡೋರಂತೆ. ಪಟ್ಟಣದಾಗೆ ಮೆಟ್ಲು ಹತ್ತಿ ಮಹಡಿ ಮ್ಯಾಲೂ ಹೋಗ್ತಿದ್ವಂತೆ!"

ಅಪ್ಪ ತೊಡೆ ತಟ್ಟಿ ನಕ್ಕರು. "ಮಹಡಿಗೆ ಮೇಕೆ! ಕೇಳ್ದೇನ್ಲಾ?" ಎಂದು ತಮ್ಮನ ಕಡೆ ತಿರುಗಿ, ಮತ್ತೆ ಫೋನಿಗೆ, "ಅವು ಯಾವ ಬಣ್ಣ? ಕಿವಿ ಉದ್ದವೇನವ್ವ?" ಎಂದು ಕೇಳಿದರು.

ನಾನು ಮಧ್ಯೆ ಬಾಯಿ ಹಾಕಿದೆ. "ಆ ಹಾಲು ಕುಡಿದೇ ಅಲ್ಲಿ ಜನಕ್ಕೆ ಜ್ವರ ಬರ್ತಿತ್ತು. ಮಾಲ್ಟಾ ಜ್ವರ ಅಂತಾನೇ ಅದಕ್ಕೆ ಹೆಸರು."

ಅಪ್ಪ ಕೈ ಎತ್ತಿದರು. "ನೀನು ಸುಮ್ಕಿರವ್ವ, ಅವಳು ಹೇಳ್ಲಿ."

ಹನ್ನೆರಡು ವರ್ಷದಲ್ಲಿ ಒಂದು ದಿನವೂ ಅಪ್ಪ ನನ್ನನ್ನು ಆ ದ್ವೀಪದ ಬಗ್ಗೆ ಕೇಳಿರಲಿಲ್ಲ. ನಾನೂ ಅವರಿಗೆ ಹೇಳಿರಲಿಲ್ಲ, ಅದು ಬೇರೆ ಮಾತು. ಆ ಹೊತ್ತಿಗೆ ಅದೇನೂ ಹೊಳೆಯಲಿಲ್ಲ. ನನ್ನ ದ್ವೀಪ ಹೋಯಿತು, ಜೊತೆಗೆ ಅಪ್ಪನೂ ಹೋದರು ಎಂದೇ ಅನಿಸಿತು.

ಒಂದೂವರೆ ವರ್ಷದ ಮೇಲೆ ಅವಳು ರಜೆಗೆ ಬಂದಳು. ಸುದ್ದಿ ತಿಳಿದ ನಮ್ಮ ಹೆಡ್‌ಮಾಸ್ಟರು, "ಮೇಡಂ, ನಿಮ್ಮ ತಂಗಿಯವರನ್ನ ಒಂದಿನ ಶಾಲೆಗೆ ಕರ್ಕೊಂಡು ಬರ್ರಿ. ಮಕ್ಕಳಿಗೆ ಮಾಲ್ಟಾ ಬಗ್ಗೆ ನಾಲ್ಕು ಮಾತು ಹೇಳ್ಲಿ" ಎಂದರು. ನನಗೆ ಹೇಳುತ್ತಿದ್ದಾರೆ, ಮಾಲ್ಟಾ ಮೇಡಂಗೆ! ನಕ್ಕು, "ಆಗಲಿ ಸರ್" ಎಂದೆ.

ಅವಳು ಹಳದಿ ಚೂಡಿದಾರ ಹಾಕಿಕೊಂಡು ಬಂದಳು. ಮೈಕು ಬೇಡವೆಂದಳು. ಮೊದಲು ಅಳುಕಿದಳು, ಆಮೇಲೆ ನಮ್ಮ ಜಗಲಿಯಲ್ಲಿ ಕೂತು ಮಾತಾಡುವ ಹಾಗೆ ಶುರು ಮಾಡಿದಳು.

"ಹಸಿರು ದೇಶ ಅಂದ್ಕಬ್ಯಾಡ್ರಿ. ನಮ್ಮ ದುರ್ಗದಂಗೇ ಕಲ್ಲು. ಹೊಲದ ಸುತ್ತಾನೂ ಮಣ್ಣಿಲ್ದಂಗೆ ಕಲ್ಲು ಪೇರಿಸಿ ಗೋಡೆ ಹಾಕವ್ರೆ. ಬದೀಗೆ ಪಾಪಾಸುಕಳ್ಳಿ ಅವೆ, ಅದರ ಹಣ್ಣು ತಿಂತಾರೆ. ಯುದ್ಧದಾಗೆ ಬಾಂಬು ಬೀಳೋವಾಗ, ನಾನು ನೋಡ್ಕಳ್ಳೋ ಅಜ್ಜಿ, ಬಂಡೆ ಕೊರೆದ ಗವಿಯೊಳಗೆ ಇದ್ಲಂತೆ. ಈಗ್ಲೂ ಗುಡುಗಿದ್ರೆ ನನ್ನ ಕೈ ಗಟ್ಟಿಯಾಗಿ ಹಿಡ್ಕಂತಾಳೆ."

ಮಕ್ಕಳು ಉಸಿರು ಬಿಡದೆ ಕೇಳುತ್ತಿದ್ದರು. ನಾನು ಯುದ್ಧದ ಪಾಠ ಮಾಡುವಾಗ ಕಿಟಕಿ ನೋಡುತ್ತಿದ್ದ ಮಕ್ಕಳೇ ಅವರು. ಪಾಪಾಸುಕಳ್ಳಿ ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ.

ಅವಳು ಅಜ್ಜಿಯಿಂದ ಕಲಿತ ಎಣಿಕೆ ಹೇಳಿದಳು: "ವೀಹೆತ್, ತ್ನೇನ್, ತ್ಲೀತ..." ಮುಂದಿನ ಸಾಲಿನ ಮುಸ್ಲಿಂ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ನಾವು ಅರಬ್ಬಿ ಕಲಿಯಾಗ ಹಿಂಗೇ ಎಣಿಸ್ತೀವಿ!" ಎಂದಳು. ತಂಗಿಯ ಮುಖ ಅರಳಿತು. "ಹೂಂ ಕಣಮ್ಮ, ಅಜ್ಜಿ ಚರ್ಚಿಗೆ ಹೋಗೋಳು, ಆದ್ರೆ ದೇವ್ರಿಗೆ ಅಲ್ಲಾ ಅಂತಾಳೆ. ಈಸ್ಟರ್ ಮುಂಚೆ ಉಪವಾಸ ಇರ್ತಾರಲ್ಲ, ಅದಕ್ಕೆ ರಂದಾನ್ ಅಂತಾರೆ."

ನಾನು ಕುರ್ಚಿಯಿಂದ ಎದ್ದೆ. ಯಾರೂ ನನ್ನನ್ನು ಕೇಳಿರಲಿಲ್ಲ.

"ಮಕ್ಕಳೇ, ಇದನ್ನ ಬರ್ಕೋಬೇಡಿ. ಮಾಲ್ಟಾದವರು ಕ್ಯಾಥೊಲಿಕ್ಕರು. ಅವರು ದೇವರನ್ನ ಹಾಗೆ ಕರೆಯೋದಿಲ್ಲ. ನಮ್ಮ ತಂಗಿ ಬೇರೆ ಯಾರ ಮನೇಲೋ ಕೇಳಿದ್ದನ್ನ ಇದಕ್ಕೆ ಸೇರಿಸಿದ್ದಾಳೆ. ಅಲ್ಲಿದ್ದ ಮಾತ್ರಕ್ಕೆ ಚರಿತ್ರೆ ಬರೋದಿಲ್ಲ, ಓದಬೇಕು."

ಕೊನೆಯ ಮಾತು ಬೇಕಿರಲಿಲ್ಲ. ಅವಳ ಕಿವಿ ಕೆಂಪಾದವು. "ಇರಬೌದು," ಎಂದಳು ಮೆಲ್ಲಗೆ. "ಅಕ್ಕ ಓದಿದೋಳು. ನಂಗೆ ಅಷ್ಟು ಗೊತ್ತಿಲ್ಲ." ಅಷ್ಟಕ್ಕೇ ಮಾತು ನಿಲ್ಲಿಸಿ ಕೂತುಬಿಟ್ಟಳು. ಎದ್ದು ನಿಂತಿದ್ದ ಹುಡುಗಿ ಮಾತ್ರ ಕೂರಲಿಲ್ಲ. "ಅಜ್ಜಿ ಹಂಗಂದ್ರೆ ತಪ್ಪಾ ಮಿಸ್?" ಎಂದು ಕೇಳಿದಳು. "ಕೂತ್ಕೋ" ಎಂದೆ.

ಸುಳ್ಳು ಹೇಳುವುದಿಲ್ಲ, ಆ ಕ್ಷಣ ನನಗೆ ಹಿತವಾಗಿತ್ತು. ಒಂದೂವರೆ ವರ್ಷದ ಉರಿಗೆ ತಣ್ಣೀರು ಹೊಯ್ದ ಹಾಗೆ. ತಂಗಿಗೆಂದು ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಮಾಡಿಟ್ಟಿದ್ದೆ. ಅವಳು ಊಟಕ್ಕೆ ಬರಲಿಲ್ಲ. "ಬಸ್ಸಿದೆ ಅಕ್ಕ" ಎಂದು ಶಾಲೆಯ ಗೇಟಿನಿಂದಲೇ ಹೊಸದುರ್ಗದ ಬಸ್ಸು ಹತ್ತಿದಳು.

ಒಬ್ಬಳೇ ಉಣ್ಣಲು ಕೂತವಳು ಫೋನು ತೆಗೆದೆ. ಅವಳದು ತಪ್ಪೆಂದು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳುವ ಆಸೆ. ಮಾಲ್ಟಾದ ಚರ್ಚೊಂದರ ಪ್ರಾರ್ಥನೆಯ ವಿಡಿಯೋ ಸಿಕ್ಕಿತು. ಬಿಳಿ ನಿಲುವಂಗಿಯ ಪಾದ್ರಿ ಬಾಯಿ ತೆರೆದು ಹೇಳಿದ ಎರಡನೆಯ ವಾಕ್ಯದಲ್ಲೇ ಆ ಪದ ಇತ್ತು. ಅಲ್ಲಾ. ಮತ್ತೆ ಮತ್ತೆ ಬಂತು. ಉಪವಾಸದ ಹೆಸರನ್ನು ಹುಡುಕಿದೆ. ಅದೂ ಅವಳು ಹೇಳಿದ್ದೇ. ಅರಬರ ರಾಜ್ಯ ಹೋಯಿತು, ಧರ್ಮ ಬದಲಾಯಿತು, ದೇವರ ಹೆಸರು ಮಾತ್ರ ನಾಲಿಗೆಯಲ್ಲಿ ಹಾಗೇ ಉಳಿಯಿತು. ಊರವರು ತಮ್ಮ ಮಾತು ಬಿಡಲಿಲ್ಲ ಎಂದು ವರ್ಷ ವರ್ಷವೂ ಪಾಠ ಹೇಳಿದವಳು ಆ ಮಾತು ಹೇಗಿರುತ್ತದೆ ಎಂದು ಒಮ್ಮೆಯೂ ಕಿವಿಗೊಟ್ಟು ಕೇಳಿರಲಿಲ್ಲ. ಮುದ್ದೆ ತಟ್ಟೆಯಲ್ಲೇ ಆರಿತು.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಐದನೆಯ ದಿನ ಊರಿಗೆ ಹೋದೆ. ಅವಳು ನಡುಮನೆಯಲ್ಲಿ ಸೂಟ್‌ಕೇಸು ತೆರೆದಿಟ್ಟುಕೊಂಡು ಚಟ್ನಿಪುಡಿಯ ಪೊಟ್ಟಣಗಳಿಗೆ ಪ್ಲಾಸ್ಟಿಕ್ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ನೀನು ಹೇಳಿದ್ದೇ ಸರಿ," ಎಂದೆ. "ನಾನು ನೋಡಿದೆ."

"ನಂಗೊತ್ತು, ದಿನಾ ಕೇಳ್ತೀನಲ್ಲ."

"ತಪ್ಪಾಯ್ತು ಕಣೇ."

ಅವಳು ಪೊಟ್ಟಣ ಕೆಳಗಿಟ್ಟಳು. "ನಂಗೆ ಹೇಳಿ ಏನಾಗ್ಬೇಕು ಅಕ್ಕ? ಮಕ್ಕಳ ಮುಂದೆ ಅಂದ್ಯಲ್ಲ, ಅಲ್ಲೇ ಹೇಳು. ನಾನಲ್ಲಿ ಹೋಗಿ ಒಂದೂವರೆ ವರ್ಷ ಆತು. ನೀನು ನಿನ್ನ ಪಟ್ಟಿ ಹಿಡ್ಕಂಡು ಗುಡಿ ನೋಡಿದ್ಯಾ, ಕೋಟೆ ನೋಡಿದ್ಯಾ ಅಂತ ಕೇಳ್ತಿದ್ದೆ. ನಂಗೆ ರಜಾ ಯಾವತ್ತು, ಉಂಡ್ಯಾ, ಬೆನ್ನು ನೋವು ಹೆಂಗೈತೆ ಅಂತ ಒಂದಿನ ಕೇಳ್ದ್ಯಾ? ಆ ಅಜ್ಜೀನ ದಿನಕ್ಕೆ ಎಷ್ಟು ಸಲ ಎತ್ತಿ ಕೂರಿಸ್ಬೇಕು ಗೊತ್ತಾ?"

ನನಗೆ ಬೆನ್ನು ನೋವಿನ ವಿಷಯವೇ ಗೊತ್ತಿರಲಿಲ್ಲ.

"ನಿಂಗೆ ಹೊಟ್ಟೆಕಿಚ್ಚು ಅಂತ ನಾನು ಹೋಗೋ ದಿನವೇ ಗೊತ್ತಾಗಿತ್ತು," ಎಂದಳು. "ಅದಕ್ಕೇ ಚಳಿ ವಿಷಯ ಕೇಳ್ದೆ. ನಿಂಗೆ ಗೊತ್ತಿರ್ತದೆ, ಹೇಳಿದ್ರೆ ಖುಷಿಯಾಗ್ತೀಯ ಅಂತ."

ನಾನು ಪಕ್ಕದಲ್ಲಿ ಕೂತು ಉಳಿದ ಪೊಟ್ಟಣಗಳನ್ನು ಸುತ್ತಿಕೊಟ್ಟೆ. ಅವಳು ಬೇಡವೆನ್ನಲಿಲ್ಲ.

ಸೋಮವಾರ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ಟರ ಅನುಮತಿ ಪಡೆದು ಸಾಲುಗಳ ಮುಂದೆ ನಿಂತೆ. ಹೋದ ವಾರ ನಮ್ಮ ತಂಗಿ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ತಿಳಿಯದೆ ತಪ್ಪು ಹೇಳಿದೆ, ಹೊಟ್ಟೆಕಿಚ್ಚಿನಿಂದ ಎಲ್ಲರೆದುರು ಹೇಳಿದೆ ಎಂದೆ. ಹೊಟ್ಟೆಕಿಚ್ಚು ಎಂಬ ಪದಕ್ಕೆ ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು. ಆ ಮುಸ್ಲಿಂ ಹುಡುಗಿ ನಗಲಿಲ್ಲ. ತರಗತಿಗೆ ಹೋಗುವಾಗ ಹತ್ತಿರ ಬಂದು, "ಬ್ರೆಡ್ಡಿಗೆ ಅಲ್ಲಿ ಏನಂತಾರೆ ಮಿಸ್? ನಾವು ಖುಬ್ಜ್ ಅಂತ ಕಲಿತೀವಿ" ಎಂದಳು. "ತಂಗಿಯನ್ನ ಕೇಳಿ ಹೇಳ್ತೀನಿ" ಎಂದೆ. ಸಂಜೆಯೇ ಕೇಳಿದೆ. ಹೋಬ್ಸ್ ಎಂದು ಉತ್ತರ ಬಂತು, ಬೇರೇನೂ ಬರೆದಿರಲಿಲ್ಲ.

ಅವಳು ವಾಪಸು ಹೋಗಿ ಎರಡು ತಿಂಗಳಾಗಿರಬೇಕು. ಒಂದು ಭಾನುವಾರ ಬಟ್ಟೆ ಒಣಗಿಸುತ್ತಿದ್ದಾಗ ಅವಳ ವಿಡಿಯೋ ಕರೆ ಬಂತು. ಪರದೆಯ ತುಂಬ ಗಾಳಿ, ಬಿಸಿಲು. "ಅಕ್ಕ, ಅಜ್ಜಿ ಮೊಮ್ಮಗ ಕಾರಾಗೆ ಕರ್ಕಂಡು ಬಂದವ್ನೆ. ನೀನು ಬರೆದಿದ್ದ ಗುಡಿ ಇದೇನಾ ನೋಡು."

ಮೇಲೆ ದೊಡ್ಡ ಬಿಳಿ ಚಪ್ಪರ ಹಾಕಿದ್ದರು. ಕೆಳಗೆ ಜೇನುಬಣ್ಣದ ಕಲ್ಲುಗಳು, ಗಾಳಿ ಉಪ್ಪಿಗೆ ಸವೆದವು. ನಾನು ಒದ್ದೆ ಕೈಯಲ್ಲೇ ಫೋನು ಹಿಡಿದು ನಿಂತೆ. "ಬಾಗಿಲು ದಾಟಿ ಒಳಗೆ ಹೋಗು. ಚುಕ್ಕಿ ಚುಕ್ಕಿ ಕೊರೆದ ಕಲ್ಲು ಐತಾ ನೋಡು" ಎಂದೆ. ಅವಳು ನಡೆದಳು, ಪರದೆ ಕುಲುಕಿತು. "ಐತಕ್ಕ! ಮುಳ್ಳಿನಾಗೆ ಚುಚ್ಚಿದಂಗೆ ಮಾಡವ್ರೆ." ಅವಳ ದನಿಯಲ್ಲಿ ಬೆರಗಿತ್ತು. ಅಲ್ಲಿ ನಿಂತು ಬೆರಗಾಗುವ ಭಾಗ್ಯ ಅವಳದು ಎಂದು ಒಳಗೆ ಚುರುಕ್ಕೆಂದಿತು.

ಆಮೇಲೆ ಗಾಲಿಕುರ್ಚಿಯ ಅಜ್ಜಿಯನ್ನು ತೋರಿಸಿದಳು. ತಲೆಗೆ ಸ್ಕಾರ್ಫು, ಮುಖವೆಲ್ಲ ನೆರಿಗೆ. ಅಜ್ಜಿ ಫೋನಿನತ್ತ ಬಾಗಿ ಇಂಗ್ಲಿಷಿನಲ್ಲಿ, ಶಾಲೆಗೆ ಹೋಗುತ್ತಿದ್ದಾಗ ಒಮ್ಮೆ ಇಲ್ಲಿಗೆ ಬಂದಿದ್ದೆ, ಆಮೇಲೆ ಇವತ್ತೇ ಎಂದಳು. ಪಕ್ಕದಲ್ಲೇ ಇದ್ದ ಜಾಗಕ್ಕೆ ಎಪ್ಪತ್ತೆಂಬತ್ತು ವರ್ಷ ಬಂದಿರಲಿಲ್ಲ. ಬಿಸಿಲು ಕಣ್ಣಿಗೆ ಹೊಡೆದಾಗ ನನ್ನ ತಂಗಿಯ ಕೈ ಹಿಡಿದು ಜಗ್ಗಿ, "ಬಿಂತಿ" ಎಂದಳು. ನನ್ನ ಮಗಳೇ ಎಂದು ಅರ್ಥ. ತಂಗಿ ಬಗ್ಗಿ ಅವಳ ಸ್ಕಾರ್ಫನ್ನು ಹಣೆಗೆ ಎಳೆದಳು. ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಸುಳ್ಳಾದೀತು. ಅದು ಆ ಕಲ್ಲುಗಳ ಮೇಲಿಂದ ಇಳಿದು, ನನ್ನ ತಂಗಿಯನ್ನು ನನಗಿಂತ ಚೆನ್ನಾಗಿ ಬಲ್ಲ ಆ ಮುದುಕಿಯ ಕೈಯ ಮೇಲೆ ಹೋಗಿ ಕೂತಿದೆ. ಅವತ್ತು ಸಿಗ್ನಲ್ ಬಂದ ಕೂಡಲೇ ನಾನೇ ಫೋನ್ ಮಾಡಿದೆ. ಗುಡಿಯ ಮಾತು ಎತ್ತಲಿಲ್ಲ. ಬೆನ್ನು ಹೇಗಿದೆ ಎಂದು ಕೇಳಿದೆ.