ಅತ್ತೆ ಹೆಂಚು ಹೊದಿಸಿದ್ದು

ಅತ್ತೆಯ ಹತ್ತೂ ಬೆರಳ ತುದಿ ಕಪ್ಪಗಿದ್ದವು. ಅದು ಹೊಗೆಸೊಪ್ಪಿನ ಅಂಟು. ಸೀಗೆಪುಡಿ, ಹುಣಸೆಹಣ್ಣು, ಸೀಮೆಎಣ್ಣೆ ಯಾವುದಕ್ಕೂ ಜಗ್ಗುತ್ತಿರಲಿಲ್ಲ. ಪಿರಿಯಾಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಬೆಂದ ಎಲೆಯನ್ನು ಬಣ್ಣ ನೋಡಿ ಬೇರೆ ಮಾಡುವ ಕೂಲಿ ಅವಳದು. ಅವಳು ಮುದ್ದೆ ಮುರಿದು ಕೊಟ್ಟರೆ ಅದರಲ್ಲೂ ಒಂದು ಕಹಿ ಇರುತ್ತಿತ್ತು.

ಅವಳು ನನ್ನ ಅಪ್ಪನ ತಂಗಿ. ಮಕ್ಕಳಾಗಲಿಲ್ಲವೆಂದು ಗಂಡ ಮದುವೆಯಾದ ಆರನೇ ವರ್ಷಕ್ಕೆ ತವರಿನ ಬಸ್ಸು ಹತ್ತಿಸಿ ಕಳಿಸಿದ್ದ. ಅಪ್ಪ ಅವಳನ್ನು ಎದುರಿಗೇ ‘ವಾಪಸ್ ಬಂದ ಸರಕು’ ಎನ್ನುತ್ತಿದ್ದ. ಅವಳೇನು ಸುಮ್ಮನಿರುವವಳಲ್ಲ. ಮನುಷ್ಯರನ್ನೂ ಎಲೆಯ ಹಾಗೆಯೇ ವಿಂಗಡಿಸುತ್ತಿದ್ದಳು. “ನಿಮ್ಮಪ್ಪ ಅಸಿ ಎಲೆ ಕಣ್ಲಾ. ಬೇಯ್ಲೂ ಇಲ್ಲ, ಒಣುಗ್ಲೂ ಇಲ್ಲ. ಮೂಟೇಗ್ ಸೇರ್ಸುದ್ರೆ ಪಕ್ಕದ್ದನ್ನೂ ಕೊಳೆಸ್ತದೆ.” ನನ್ನನ್ನು ಮಾತ್ರ “ಚಿನ್ನದ್ ಬಣ್ಣ” ಎಂದು ಮೇಲೆ ಇಡುತ್ತಿದ್ದಳು. ನನ್ನನ್ನು ಮೈಸೂರಿನ ಕಾಲೇಜಿಗೆ ಸೇರಿಸಿದವಳೂ ಅವಳೇ.

ಅಜ್ಜಿ ಬಿಟ್ಟುಹೋದ ಸೈಟಿನಲ್ಲಿ ಅತ್ತೆ ಮನೆ ಕಟ್ಟಿಸಲು ಹೊರಟಳು. ತಾರಸಿ ಹಾಕಿಸಬೇಕು, ಪಿಲ್ಲರಿನ ಕಂಬಿಗಳನ್ನು ಮೇಲಕ್ಕೆ ಬಿಡಬೇಕು, ಮುಂದೆ ಅಲ್ಲಿ ಇನ್ನೊಂದು ಮನೆ ಏಳಬೇಕು ಎನ್ನುವುದು ಅವಳ ಲೆಕ್ಕ. ಮೇಲೆ ನಾನು ಮದುವೆಯಾಗಿ ಇರಬೇಕು, ಕೆಳಗೆ ಅವಳು ಇರಬೇಕು. ಒಂಟಿಯಾಗಿ ಸಾಯಬಾರದು ಎನ್ನುವುದಷ್ಟೇ ಅವಳ ಆಸೆ. ಬಾಯಿಬಿಟ್ಟು ಹೇಳದಿದ್ದರೂ ನನಗದು ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದೂ ಮಾಡಿದ್ದು ಇದು. ಪಾಯ ತೋಡುವ ದಿನ ಅಪ್ಪ, ಚಿಕ್ಕಪ್ಪಂದಿರು ಮರಳಿನ ಗುಡ್ಡೆ ಮೇಲೆ ಕೂತಿದ್ದರು. ನಾನೂ ಅವರ ಜೊತೆಗಿದ್ದೆ, ಹತ್ತೊಂಬತ್ತು ವರ್ಷ. ಮೇಸ್ತ್ರಿ ದಾರ ಹಿಡಿದು ನಿಂತು ಕೇಳಿದ.

“ಅಕ್ಕಾ, ಇವತ್ತೇ ಏಳ್ಬುಡಿ. ತಾರಸಿ ಅಂದ್ರೆ ಪಿಲ್ಲರ್ ಗುಂಡಿ ಈಗ್ಲೇ ತೋಡ್ಬೇಕು. ಎಂಚಾದ್ರೆ ಕಲ್ಲಿನ್ ಪಾಯ ಸಾಕು.”

“ತಾರಸೀನೇ ಮಾಡಿ. ಮ್ಯಾಲ್ಗಡೆ ಇನ್ನೊಂದ್ ಮನೆ ಬರ್ಲಿ,” ಎಂದಳು ಅತ್ತೆ.

ಅಪ್ಪ ಬೀಡಿ ಕೆಳಗಿಟ್ಟ. “ಮ್ಯಾಲ್ಗಡೆ ಮನೆ ಯಾರ್ಗವ್ವಾ? ಪಾರಿವಾಳಕ್ಕಾ?”

ಎಲ್ಲರೂ ನಕ್ಕರು. ಅತ್ತೆ ನನ್ನ ಕಡೆ ನೋಡಿದಳು. ‘ನಂಗೆ’ ಎಂಬ ಒಂದು ಮಾತು ಸಾಕಿತ್ತು. ಆದರೆ ಆ ವಯಸ್ಸಿನಲ್ಲಿ ಗಂಡಸರ ಗುಂಪು ನನ್ನ ಮಾತಿಗೆ ನಗಬೇಕು ಎನ್ನುವ ಚಪಲವೇ ದೊಡ್ಡದು.

“ಮಕ್ಳಾಗ್ದೋಳ್ ಮನೆ ಮ್ಯಾಲೆ ಸಂಸಾರ ಊಡುದ್ರೆ ನನ್ ಎಂಡ್ತಿಗೂ ಮಕ್ಳಾಗಲ್ಲ ಕಣತ್ತೆ. ನಂಗ್ ಬ್ಯಾಡ.”

ಅಪ್ಪ ನನ್ನ ಬೆನ್ನು ತಟ್ಟಿದ. ಮೇಸ್ತ್ರಿ ಮಾತ್ರ ತಲೆ ತಗ್ಗಿಸಿ ದಾರ ಸುತ್ತತೊಡಗಿದ. ಅತ್ತೆಯ ದನಿಯಲ್ಲಿ ಏರಿಳಿತವೇ ಇರಲಿಲ್ಲ.

“ಎಂಚೇ ಆಕಿ ಮೇಸ್ತ್ರಿ. ಚೆನ್ನಾಗ್ ಇಳಿಜಾರ್ ಕೊಡಿ. ಮ್ಯಾಲೆ ಯಾರೂ ಕಾಲಿಡಬಾರ್ದು.”

ಅಷ್ಟು ಇಳಿಜಾರು ಕೊಟ್ಟರೆ ಹೆಂಚು ನಿಲ್ಲುವುದಿಲ್ಲ ಎಂದು ಮೇಸ್ತ್ರಿ ಬಡಿದುಕೊಂಡ. ಅವಳು ಕೇಳಲಿಲ್ಲ. ವರ್ಷಗಳುರುಳಿದಂತೆ ಬೀದಿಯ ಮನೆಗಳೆಲ್ಲ ಒಂದೊಂದಾಗಿ ತಾರಸಿಯಾದವು. ಹೆಂಗಸರು ಮೇಲೆ ರಾಗಿ ಹರವಿ ಹರಟೆ ಹೊಡೆಯುತ್ತಿದ್ದರು. ಕರೆದರೂ ಅತ್ತೆ ಹೋಗುತ್ತಿರಲಿಲ್ಲ, ತನ್ನ ರಾಗಿಯನ್ನು ಡಾಂಬರು ರಸ್ತೆಗೆ ಸುರಿಯುತ್ತಿದ್ದಳು. ನನ್ನ ಓದು ಮುಗಿಯುವವರೆಗೂ ಫೀಸು ಕಟ್ಟಿದಳು. ನಾನೂ ನಾಚಿಕೆಯಿಲ್ಲದೆ ಕಟ್ಟಿಸಿಕೊಂಡೆ. ಆ ದಿನದ ಮಾತನ್ನು ಅವಳು ಎತ್ತಲಿಲ್ಲ, ನನಗೆ ಎತ್ತುವ ಧೈರ್ಯ ಬರಲಿಲ್ಲ. ಮದುವೆಗೆ ಕರೆಯಲು ಹೋದಾಗ ಸೀರೆಯೊಂದನ್ನು ಕೈಗಿಟ್ಟಳು, ಮದುವೆಗೆ ಬರಲಿಲ್ಲ.

ಹೋದ ವರ್ಷ ಮಳೆ ಹಿಡಿಯುವ ಮುಂಚೆ ಕೋತಿಗಳು ಹೆಂಚು ಸರಿಸಿದವು. ಯಾರನ್ನೂ ಕರೆಯದೆ ತಾನೇ ಹತ್ತಿದಳು. ಜಾರಿ ಜಗುಲಿ ಕಲ್ಲಿನ ಮೇಲೆ ಬಿದ್ದು ಸೊಂಟ ಮುರಿಯಿತು, ಹೊಟ್ಟೆಯೊಳಗೂ ಪೆಟ್ಟಾಯಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಆ ಮಾತಿನ ಅರ್ಥ ಅವಳಿಗೂ ಗೊತ್ತಿತ್ತು.

ಸುದ್ದಿ ತಿಳಿದು ನಾನು ಹೆಂಡತಿಯನ್ನು ಕರೆದುಕೊಂಡು ಮೈಸೂರಿನಿಂದ ಹೋದೆ. ಅವಳಿಗೆ ಎಂಟು ತಿಂಗಳು. ಬಾಗಿಲಲ್ಲಿ ಅವಳ ಹೊಟ್ಟೆ ಕಾಣುತ್ತಲೇ ಅತ್ತೆ ಮಲಗಿದ್ದಲ್ಲೇ ಕೈ ಅಡ್ಡ ಹಿಡಿದಳು.

“ಆ ಉಡ್ಗೀನ ಒಳಿಕ್ ಕರ್ಕೊಂಬರ್ಬ್ಯಾಡ ಕಣ್ಲಾ. ಒರಗೇ ಇರ್ಲಿ.”

ನಾನು ಅತ್ತೆಯ ಪಕ್ಕ ಕೂತೆ. “ಅದೆಲ್ಲ ಸುಳ್ಳು ಅತ್ತೆ. ಅವತ್ತು ಬುದ್ಧಿಯಿಲ್ದೆ ಆಡ್ದೆ.”

“ಈಗ್ ಸುಳ್ಳು ಅನ್ನೂದು ನಿಂಗ್ ಸುಲಭ. ಗಂಡ ಅಂದಾಗ ನಾ ನಂಬ್ಲಿಲ್ಲ. ನಿಮ್ಮಪ್ಪ ಅಂದಾಗ್ಲೂ ನಂಬ್ಲಿಲ್ಲ. ಓದ್ದೋನು, ನೀನೇ ಅಂದ್ಮ್ಯಾಲೆ ನಂಬ್ಬುಟ್ಟೆ.”

ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಕಾಲು ಹಿಡಿದು ಸಮಾಧಾನ ಮಾಡಬಹುದಿತ್ತು. ನನ್ನ ಮಗುವಿಗೆ ಏನಾದರೂ ಆದೀತೆಂದು ಅವಳು ನಿಜವಾಗಿಯೂ ಹೆದರಿದ್ದಳು. ನಾನು ಎದ್ದು ಹೊರಗೆ ಹೋಗಿ, ಒಳಗೆ ಬರಬೇಡ ಎಂದು ಹೆಂಡತಿಗೆ ಹೇಳಿದೆ. ಅವಳು ಬಿಸಿಲಲ್ಲಿ ನಿಂತು ಕಿಟಕಿಯಿಂದ ಇಣುಕಿದಳು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅವತ್ತೇ ಸಂಜೆ ನಾವು ಮೈಸೂರಿಗೆ ವಾಪಸಾದೆವು. ನಾಲ್ಕನೆಯ ದಿನ ಅತ್ತೆ ತೀರಿಕೊಂಡಳು. ಬೆಳಿಗ್ಗೆ ಹಾಲು ಕೊಡಲು ಬಂದವಳು ನೋಡಿದ್ದು. ಪ್ರಾಣ ಹೋಗುವಾಗ ಪಕ್ಕದಲ್ಲಿ ಯಾರೂ ಇರಲಿಲ್ಲ.

ಮುಂದಿನ ತಿಂಗಳು ನಮಗೆ ಹೆಣ್ಣುಮಗು ಹುಟ್ಟಿತು, ಗಟ್ಟಿಮುಟ್ಟಾಗಿದೆ. ಅಪ್ಪ ಮೊಮ್ಮಗಳನ್ನು ಎತ್ತಿಕೊಂಡು, “ಅವತ್ತು ಸೊಸೇನ ಅವ್ಳ್ ಮನೆ ಒಳಿಕ್ ಬುಡ್ದೆ ಒಳ್ಳೇ ಕೆಲ್ಸ ಮಾಡ್ದೆ ಕಣ್ಲಾ,” ಎಂದ. ಸುತ್ತ ಕೂತಿದ್ದವರೆಲ್ಲ ತಲೆಯಾಡಿಸಿದರು. ಅವರ ಜೊತೆ ನಾನೂ ಆಡಿಸಿದೆ.