ರೇಸಿನ ದಾರಿಯಲ್ಲೊಂದು ಸ್ಟಾಪು

ಲಕ್ವಾ ಹೊಡೆದು ನನ್ನ ಗಂಡನ ಎಡಗೈ ಬಿದ್ದುಹೋಯಿತು. ಕಾಲು ಹೇಗೋ ಸುಧಾರಿಸಿತು, ಬಾಯಿ ಮೊದಲಿಗಿಂತ ಜೋರಾಯಿತು, ಕೈ ಮಾತ್ರ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ದಿನಾ ಆಡಿಸದಿದ್ದರೆ ಹಾಗೆಯೇ ಮರಗಟ್ಟುತ್ತದೆ, ಆಮೇಲೆ ನನ್ನ ಹತ್ತಿರ ಬರಬೇಡಿ ಎಂದು ರಾಯಚೂರಿನ ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದರು. ನನಗೆ ಅಂಥ ಮಾತೇ ಸರಿ. ಆದರೆ ಇವರು ಒಪ್ಪಬೇಕಲ್ಲ! ಹಿಚುಕಲು ರಬ್ಬರ್ ಚೆಂಡು ಕೊಟ್ಟರೆ ಕಟ್ಟೆಯಾಚೆ ಎಸೆದರು, ಅದೂ ಬಲಗೈಯಿಂದ.

ದೇವದುರ್ಗದ ಬಸ್ಸು ಓಡಿಸಿ ನಿವೃತ್ತರಾದವರು ಇವರು. ಮನೆಯಲ್ಲಿ ಕೂತ ಮೇಲೆ ಒಂದೇ ಹುಚ್ಚು, ಟಿವಿಯಲ್ಲಿ ಆಡುವ ಕಾರು ರೇಸಿನ ಆಟ. ಹಚ್ಚಿದವಳು ಮೊಮ್ಮಗಳು. ಮಾನ್ವಿಗೆ ಕೊಟ್ಟ ಮಗಳ ಮಗಳು. ಕಾಲೇಜಿಗೆಂದು ನಮ್ಮಲ್ಲೇ ಇದ್ದಾಳೆ. ಅವಳು ಹುಟ್ಟುವ ಮೊದಲಿನಿಂದ ಆ ಆಟ ಒಂದನೇ ಭಾಗ, ಎರಡನೇ ಭಾಗ ಎಂದು ಬರುತ್ತಲೇ ಇತ್ತಂತೆ. ಲಕ್ವಾಕ್ಕೆ ಮೊದಲು ತಾತ, ಮೊಮ್ಮಗಳು ಗುಂಡಿ ಒತ್ತಿ ಒತ್ತಿ ಗೆದ್ದ ಕಾರುಗಳು ಟಿವಿಯೊಳಗೆ ಒಂದು ಗ್ಯಾರೇಜು ತುಂಬ ಇದ್ದವು. ನಮ್ಮ ಬಾಗಿಲ ಮುಂದೆ ಒಂದು ಸೈಕಲ್ಲೂ ಇಲ್ಲ.

ಈ ವರ್ಷ ಅವಳು ಹೊಸದು ತಂದಳು.

"ತಾತಾ, ಹೆಸರು ಹಳೇದು, ಆದ್ರ ಆಟ ಮೊದಲಿಂದ ಹೊಸದಾಗಿ ಮಾಡ್ಯಾರ. ರಸ್ತಾ ಬ್ಯಾರೆ, ಗಾಡಿ ಬ್ಯಾರೆ."

"ನನ್ನ ಕೆಂಪು ಗಾಡಿ?"

"ಇದರಾಗ ಇಲ್ಲ."

"ಗೆದ್ದಿದ್ದೆಲ್ಲ?"

"ಸೊನ್ನಿ. ಎಲ್ಲಾರೂ ಸೊನ್ನಿಯಿಂದನ ಸುರು ಮಾಡಬೇಕು."

ಇವರು ಮುಖ ತಿರುಗಿಸಿದರು. "ಹಂಗಾದ್ರ ನನಗ ಬ್ಯಾಡ. ನಾ ಮುಗದೋದ ಮನಷ್ಯಾ."

"ಮುಗದಿದ್ರ ಎರಡೂ ಹೊತ್ತು ರೊಟ್ಟಿ ಯಾರು ತಿನ್ನಾಕತ್ಯಾರ್ರಿ?" ಎಂದೆ ನಾನು.

ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಪಕ್ಕದ ಮನೆಯ ಬೀಬಿ ಇಂಥ ಆಟಕ್ಕೆ ಜೋಡಿಸುವ ಒಂದು ಸ್ಟೇರಿಂಗು ಹೊತ್ತು ಬಂದಳು. ಅವಳ ಮಗನದು ಬಜಾರಿನಲ್ಲಿ ಟಿವಿ ರಿಪೇರಿ ಅಂಗಡಿ.

"ತಗೋರಿ ಡ್ರೈವರ್ ಸಾಬ್. ದುಕಾನದಾಗ ಹಳೇದು ಬಿದ್ದಿತ್ತು. ನೀವು ಗಾಡಿ ಬಿಡ್ರಿ, ಟಿಕೇಟ್ ನಾ ಹರೀತೀನಿ."

ಮೊಮ್ಮಗಳು ಅದನ್ನು ಇವರ ಮುಂದಿನ ಸ್ಟೂಲಿಗೆ ಬಿಗಿದಳು. ಗುಂಡಿ ಬೇಡ ಎನ್ನಬಹುದು, ಸ್ಟೇರಿಂಗು ಬೇಡ ಎನ್ನಲು ಇವರಿಗೆ ಬಾಯಿ ಬರಲಿಲ್ಲ. ಬಲಗೈಯಿಂದ ಹಿಡಿದರು. ಎಡಗೈಯನ್ನು ನಾನೇ ಎತ್ತಿ ಮೇಲಿಟ್ಟೆ. ಜಾರಿತು. ಮತ್ತೆ ಇಟ್ಟೆ. ಆ ವಾರವೆಲ್ಲ ಕಾರು ಗೋಡೆಗೆ ಗುದ್ದುವುದೇ ಕೆಲಸ, ಬೈಗುಳ ತಿನ್ನುವುದು ನನ್ನ ಕೆಲಸ.

ಹಳೆಯ ಆಟದಲ್ಲಿ ರಸ್ತೆಯ ಬದಿ ಖಾಲಿ ಇರುತ್ತಿತ್ತು. ಹೊಸದರ ದಾರಿ ಊರೊಳಗೇ ಹಾಯುತ್ತದೆ, ಎರಡೂ ಬದಿಗೆ ಜನ ನಿಂತು ಕೈ ಬೀಸುತ್ತಾರೆ. ಒಂದು ಮಧ್ಯಾಹ್ನ ಇವರ ಕಾರು ಮೊದಲ ಸಲ ಮುಂದಿನವರ ಜೊತೆಯೇ ಓಡುತ್ತಿತ್ತು. ಬೀಬಿ ಬಟಾಣಿ ಸುಲಿಯುವುದು ಬಿಟ್ಟು ನೋಡುತ್ತಿದ್ದಳು.

"ಬಿಡಬ್ಯಾಡ ತಾತಾ, ಹೊಡಿ!" ಎಂದು ಮೊಮ್ಮಗಳು ಕುಣಿಯುತ್ತಿದ್ದಳು.

ಕಾರು ನಿಧಾನವಾಯಿತು.

"ಏನಾತು ತಾತಾ?"

"ಕೈ ಮಾಡಾಕತ್ಯಾರ, ಕಾಣಂಗಿಲ್ಲೇನು? ಹೆಣ್ಮಕ್ಕಳು, ಬಿಸಲಾಗ ನಿಂತಾರ."

ದೇವದುರ್ಗದ ಬಸ್ಸು ಓಡಿಸುವಾಗ ಕಲ್ಮಲದ ದಾರಿಯಲ್ಲಿ ಸ್ಟಾಪು ಇರಲಿ ಬಿಡಲಿ, ಬುಟ್ಟಿ ಹೊತ್ತು ಕೈ ಮಾಡಿದ ಹೆಂಗಸನ್ನು ಇವರು ಬಿಟ್ಟುಹೋದವರಲ್ಲ. ಅದೇ ರೂಢಿ. ಆಗ ಇವರ ಎಡಗೈ ಸ್ಟೇರಿಂಗಿನಿಂದ ಇಳಿಯಿತು. ಜಾರಲಿಲ್ಲ, ಇಳಿಯಿತು. ಪಕ್ಕಕ್ಕೆ ಹೋಗಿ ಬಸ್ಸಿನ ಗೇರು ಹುಡುಕಿತು. ಅಲ್ಲಿ ಗೇರು ಎಲ್ಲಿಂದ ಬರಬೇಕು? ಇಲ್ಲದ ಗೇರನ್ನೇ ಗಾಳಿಯಲ್ಲಿ ಒಮ್ಮೆ ಹಿಂದಕ್ಕೆ ಎಳೆಯಿತು.

"ಯಾ ಅಲ್ಲಾ, ಕೈ!" ಎಂದಳು ಬೀಬಿ.

ಉಳಿದ ಕಾರುಗಳೆಲ್ಲ ಬುರ್ ಎಂದು ದಾಟಿಹೋದವು. ಇವರು ಪರದೆ ಬಿಟ್ಟು ತಮ್ಮ ಕೈಯನ್ನೇ ಯಾರದೋ ಎಂಬಂತೆ ನೋಡುತ್ತಿದ್ದರು. ಮೊಮ್ಮಗಳ ಕಣ್ಣು ತುಂಬಿತು.

"ಗಾಡಿ ನಿಂದ್ರಿಸೀರಿ, ಹತ್ತಿಸ್ಕೊಳ್ರಿ ಮತ್ತ," ಎಂದೆ.

ಇವರು ನನ್ನತ್ತ ತಿರುಗಿದರು. "ಏ ಇವಳ, ಇಲ್ಲಿ ಗೇರ್ ಬೇಕು."

"ಈ ಸ್ಟೇರಿಂಗಿಗೆ ಗೇರಿಲ್ಲ ತಾತಾ, ಅದು ತಾನ ಬೀಳ್ತದ," ಎಂದಳು ಮೊಮ್ಮಗಳು.

"ಗೇರ್ ಇಲ್ಲದ್ದು ಒಂದು ಗಾಡಿಯೇನು!"

ಎಣ್ಣೆಯ ಡಬ್ಬಿಗೆ ಮರಳು ತುಂಬಿ ಲಟ್ಟಣಿಗೆ ನೆಟ್ಟು ಇವರ ಎಡಕ್ಕೆ ಇಟ್ಟೆ. ರೊಟ್ಟಿಯನ್ನು ನಾನು ಕೈಯಿಂದಲೇ ಬಡಿಯುವವಳು, ಲಟ್ಟಣಿಗೆ ಹೋಳಿಗೆಯ ದಿನ ಬೇಕಾದರೆ ಕಿತ್ತುಕೊಂಡರಾಯಿತು. ಆ ಗೇರು ಹಾಕಿದ್ದು ಆಟಕ್ಕೆ ತಿಳಿಯುವುದಿಲ್ಲ. ಕೈಗೆ ತಿಳಿಯುತ್ತದೆ.

ರೇಸಿನಲ್ಲಿ ಇವರು ಈಗಲೂ ಕೊನೆಯವರೇ, ಜನ ಕಂಡಲ್ಲೆಲ್ಲ ನಿಲ್ಲಿಸುತ್ತಾರಲ್ಲ. ನಾಲ್ಕು ಬೆರಳು ಮಡಚುತ್ತವೆ, ಹೆಬ್ಬೆರಳು ಇನ್ನೂ ಒಪ್ಪಿಲ್ಲ. ಇವರ ಎಳೆತಕ್ಕೆ ಡಬ್ಬಿಯ ಮರಳು ಸಡಿಲಾಗಿ ಲಟ್ಟಣಿಗೆ ವಾಲುತ್ತಿದೆ. ನಾಳೆ ಜಲ್ಲಿ ತುಂಬಬೇಕು.