ಚೆಂಡಿನ ಮಡ್ಡಿಯ ಕಾಡವ್ವ

ಮುನವಳ್ಳಿಯ ಹತ್ತಿರ, ನೀರಾವರಿ ಕ್ವಾರ್ಟರ್ಸುಗಳ ಹಿಂದೆ, ಸರ್ಕಾರದ ಒಂದು ಗಾಲ್ಫ್ ಮೈದಾನವಿತ್ತು. ಡ್ಯಾಮು ಕಟ್ಟಿದ ಕಾಲದ ಎಂಜಿನಿಯರರು ತಮ್ಮ ಆಟಕ್ಕೆಂದು ಮಾಡಿಕೊಂಡದ್ದು. ಚೆಂಡು ಬೀಳಿಸಲು ಒಂಬತ್ತು ಕುಣಿ, ಉಳಿದದ್ದೆಲ್ಲ ಹುಲ್ಲು. ಊರವರ ಬಾಯಲ್ಲಿ ಅದು ಚೆಂಡಿನ ಮಡ್ಡಿ. ಆ ಹುಲ್ಲನ್ನು ಇಪ್ಪತ್ತೆಂಟು ವರ್ಷ ಕೊಯ್ದವಳು ಕಾಡವ್ವ.

ತಾನು ಅಂಜುಬುರುಕಿ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಹಾವಿಗೆ ಅಂಜಿದವಳಲ್ಲ, ಕುಣಿಯಲ್ಲಿ ಸುತ್ತಿ ಮಲಗಿದ್ದ ಹಾವನ್ನು ಕೋಲಿನಿಂದೆತ್ತಿ ಬೇಲಿಯಾಚೆ ಬಿಟ್ಟು ಬಂದಿದ್ದಳು. ಅವಳ ಅಂಜಿಕೆಯೆಲ್ಲ ಇಸ್ತ್ರಿ ಅಂಗಿಯವರದು, ಅವರ ಕೈಯ ಕಾಗದದ್ದು. ಗುತ್ತಿಗೆದಾರನ ಕೈಕೆಳಗಿನ ಕೆಲಸ. ಅವನು ಬೇಡವೆಂದರೆ ನಾಳೆಯಿಂದಲೇ ಇಲ್ಲ. ಗಂಡ ತೀರಿದ ಮೇಲೆ ಆ ಕೂಲಿಯಲ್ಲೇ ಮಗಳು ಪ್ರಜ್ಞಾಳನ್ನು ಓದಿಸಿದಳು. ಪ್ರಜ್ಞಾ ಈಗ ಸವದತ್ತಿಯ ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡುತ್ತಾಳೆ, ದಿನವೂ ಬಸ್ಸಿಗೆ ಹೋಗಿಬರುತ್ತಾಳೆ.

ಆಡಲು ಬರುವ ಸಾಹೇಬರು ಕಡಿಮೆಯಾದಂತೆ ಮಡ್ಡಿಯನ್ನು ಏನು ಮಾಡುವುದೆಂಬ ಮಾತು ಎದ್ದಿತು. ಮೂವತ್ತು ವರ್ಷ ರೆಸಾರ್ಟಿಗೆ ಕೊಡಬೇಕೆಂದು ಕೆಲವರು, ಅವರಲ್ಲಿ ಹುಲ್ಲಿನ ಗುತ್ತಿಗೆದಾರನೂ ಒಬ್ಬ. ಕಾಡವ್ವನ ಓಣಿಯವರು ಒಲ್ಲೆವೆಂದರು. ಅವರ ಮಕ್ಕಳು ಸಾಲೆಗೆ ಹೋಗುವ ಕಾಲುದಾರಿ ಮಡ್ಡಿಯ ಮೇಲೆಯೇ ಹಾದಿತ್ತು. ಜನರ ಅಭಿಪ್ರಾಯ ಕೇಳಲು ಸಭೆ ಗೊತ್ತಾಯಿತು.

ಸಭೆಗೆ ಹತ್ತು ದಿನ ಮುಂಚೆ ಗುತ್ತಿಗೆದಾರನ ಮ್ಯಾನೇಜರ್ ಯುವರಾಜ ಒಂದು ಹಾಳೆ ಹಿಡಿದು ಬಂದ. "ಹಾಜರಿ ಐತಿ, ಸಹಿ ಮಾಡ" ಎಂದ. ಹೆಸರು ಬರೆಯುವುದನ್ನು ಪ್ರಜ್ಞಾ ಕಲಿಸಿದ್ದಳು. ಕಾಡವ್ವ ನಾಲಿಗೆ ಕಚ್ಚಿಕೊಂಡು ದುಂಡಗೆ ಬರೆದುಕೊಟ್ಟಳು.

ವಾರ ಕಳೆದ ಮೇಲೆ ನೆರೆಮನೆಯ ಕೆಂಚವ್ವ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

"ನಮ್ಮೆಲ್ಲಾರ ಪರವಾಗಿ ಮಡ್ಡಿ ಕೊಟ್ಟಬಿಟ್ಟಿಯಂತಲ್ಲ? ಪಂಚಾಯ್ತಿ ಬೋರ್ಡಿಗೆ ಹಚ್ಯಾರ, ಹೋಗಿ ನೋಡ."

ಪ್ರಜ್ಞಾ ಓಡಿಹೋಗಿ ಫೋಟೋ ತೆಗೆದುಕೊಂಡು ಬಂದು ಓದಿದಳು. ಮೈದಾನವನ್ನು ರೆಸಾರ್ಟಿಗೆ ಕೊಡಲು ಓಣಿಯ ಹೆಣ್ಣುಮಕ್ಕಳೆಲ್ಲರ ಒಪ್ಪಿಗೆಯಿದೆ ಎಂದಿತ್ತು. ಕೆಳಗೆ ಕಾಡವ್ವನದೇ ಅಕ್ಷರ.

ಮರುದಿನ ಅವಳು ಹುಲ್ಲಿನಲ್ಲಿ ಕುಳಿತಿದ್ದಾಗ ಯುವರಾಜನ ಬೈಕು ಬಂದು ನಿಂತಿತು. ಅವನು ಇಳಿಯಲಿಲ್ಲ, ಗದರಲೂ ಇಲ್ಲ.

"ಸಹಿ ನಂದಲ್ಲ ಅಂದ್ರ ಪೊಲೀಸ್ರು ನಿನ್ನನ್ನ ಒಯ್ಯತಾರ, ತಿಳೀತಿಲ್ಲೊ? ಮತ್ತ, ನಿನ್ನ ಮಗಳು ಸಂಜಿ ಬಸ್ಸ ಇಳದು ಒಬ್ಬಾಕೀನ ನಡಕೊಂತ ಬರತಾಳಲ್ಲ?"

ಅಷ್ಟು ಹೇಳಿ ಹೋದ. ಆ ಸಂಜೆ ಕಾಡವ್ವ ಬಸ್ಸಿಗೆ ಒಂದು ತಾಸು ಮೊದಲೇ ಹೋಗಿ ರಸ್ತೆ ಬದಿಗೆ ನಿಂತಳು. ಮಗಳು ಇಳಿದಾಗ ಅವಳ ಕೈ ಹಿಡಿದವಳು ಮನೆಯವರೆಗೂ ಬಿಡಲಿಲ್ಲ. ಏನಾಯಿತೆಂದು ಪ್ರಜ್ಞಾ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಸಭೆ ಸಾಲೆಯ ದೊಡ್ಡ ಕೋಣೆಯಲ್ಲಿ ಸೇರಿತು. ಬೈಲಹೊಂಗಲದಿಂದ ಬಂದಿದ್ದ ಹೆಣ್ಣು ಅಧಿಕಾರಿ ಆ ಹಾಳೆಯನ್ನು ಓದಿ, "ಕಾಡವ್ವ ಅನ್ನೋರು ಯಾರು?" ಎಂದು ಕೇಳಿದರು.

ಯುವರಾಜ ಬಾಗಿಲಲ್ಲೇ ನಿಂತಿದ್ದ. ಕಾಡವ್ವ ಪಕ್ಕದವಳ ಭುಜ ಹಿಡಿದು ಎದ್ದಳು. ಅದು ಕೆಂಚವ್ವನ ಭುಜ. ಕೆಂಚವ್ವ ಕೊಡವಿಕೊಳ್ಳಲಿಲ್ಲ.

"ಸಹಿ ನಂದ ಐತ್ರಿ. ಮಾತು ನಂದಲ್ರಿ. ಹಾಜರಿ ಅಂತ ಹೇಳಿ ಬರಿಸಿಕೊಂಡ್ರು. ನನಗ ಹೆಸರು ಬರಿಯಾಕ ಬರತೈತಿ, ಓದಾಕ ಬರೂದಿಲ್ರಿ."

"ಯಾರು ಬರೆಸಿಕೊಂಡಿದ್ದು?"

ಈಗ ಸುಮ್ಮನಾದರೆ ನಾಳೆ ಮಗಳಿಗೆ ಏನಾದರೂ ಆದರೆ ಮಾಡಿದವರು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ ಎಂಬುದೊಂದೇ ಕಾಡವ್ವನ ತಲೆಯಲ್ಲಿತ್ತು. ಬಾಗಿಲ ಕಡೆ ಕೈ ತೋರಿಸಿದಳು.

"ಅವರ ನೋಡ್ರಿ, ಯುವರಾಜ. ನನ್ನ ಮಗಳು ಒಬ್ಬಾಕೀನ ಬಸ್ಸ ಇಳಿಯೂದನ್ನ ನೆನಪು ಮಾಡಿ ಹೋಗ್ಯಾರ್ರಿ. ಅದನ್ನೂ ಬರಕೊಳ್ರಿ."

"ಸುಳ್ಳ ಹೇಳತಾಳ್ರಿ ಮೇಡಂ" ಎಂದ ಯುವರಾಜ. ಜನ ತಿರುಗಿ ನೋಡಿದರು. ಸ್ವಲ್ಪ ಹೊತ್ತಿಗೆ ಬಾಗಿಲು ಖಾಲಿಯಾಗಿತ್ತು. ಗುಮಾಸ್ತ ಅವಳ ಹೇಳಿಕೆ ಬರೆದು ಪೆನ್ನು ಚಾಚಿದ. "ತಡೀರಿ, ನನ್ನ ಮಗಳು ಮದಲ ಓದಲಿ" ಎಂದಳು ಕಾಡವ್ವ. ಪ್ರಜ್ಞಾ ಎಲ್ಲರಿಗೂ ಕೇಳುವಂತೆ ಓದಿದಳು. ಆಮೇಲೆ ಕಾಡವ್ವ ದುಂಡಗೆ ಸಹಿ ಮಾಡಿದಳು.

ಅಧಿಕಾರಿ ಮೊದಲಿನ ಹಾಳೆಯನ್ನು ತಳ್ಳಿಹಾಕಿ, ಈ ಹೇಳಿಕೆಯನ್ನು ಪೊಲೀಸರಿಗೂ ಕಳಿಸಿದರು. ಮರುದಿನದಿಂದ ಕಾಡವ್ವನಿಗೆ ಕೆಲಸವಿರಲಿಲ್ಲ. ಸಂಜೆ ಬಸ್ಸಿನ ಹೊತ್ತಿಗೆ ಮಾತ್ರ ಓಣಿಯ ನಾಲ್ಕಾರು ಹೆಂಗಸರು, ಯಾರೂ ಕರೆಯದೆ, ಕೆಂಚವ್ವನ ಹಿಂದೆ ರಸ್ತೆಗೆ ಬಂದು ನಿಲ್ಲುತ್ತಿದ್ದರು. ಹಾಗೆ ಮೂರು ತಿಂಗಳು ನಡೆಯಿತು.

ದಸರೆಯ ಹೊತ್ತಿಗೆ ಆದೇಶ ಬಂತು. ಮಡ್ಡಿ ಸರ್ಕಾರದ್ದಾಗಿಯೇ ಉಳಿಯಿತು: ಮೂರು ಕುಣಿ ಸಾಹೇಬರ ಆಟಕ್ಕೆ, ಉಳಿದ ಹುಲ್ಲು ಊರಿಗೆ, ಕಾಲುದಾರಿ ಇದ್ದಲ್ಲಿಯೇ. ಹಳೆಯ ಗುತ್ತಿಗೆ ರದ್ದಾಯಿತು. ಯುವರಾಜ ರಾಮದುರ್ಗದ ಕಡೆ ಹೋದನೆಂದು ಸುದ್ದಿ.

ಪಂಚಾಯ್ತಿಯವರು ಕಾಡವ್ವನನ್ನು ಕೆಲಸಕ್ಕೆ ಕರೆದರು. ಹೋದಳು. ಮಗಳ ಬಸ್ಸು ಬರುವ ರಸ್ತೆ ಕಾಣುವ ಕಡೆಯ ಹುಲ್ಲನ್ನಷ್ಟೇ, ಅದೂ ರಸ್ತೆಗೆ ಮುಖ ಮಾಡಿ, ಕೊಯ್ಯತೊಡಗಿದಳು. ರಸ್ತೆ ಕಾಣದ ಕೆಳಗಿನ ಇಳಿಜಾರಿಗೆ ಇಳಿಯಲು ಅವಳಿಗೆ ದೀಪಾವಳಿ ಕಳೆಯಬೇಕಾಯಿತು.